ಮಗುವಿಗೆ ಇ.ಆರ್.ಸಿ.ಪಿ. ಹೇಳಿದ್ದಾರೆಯೇ? ತೊಡಕುಗಳ ಬಗ್ಗೆ ಹೆತ್ತವರಿಗೊಂದು ಸಮಗ್ರ ಮಾರ್ಗದರ್ಶಿ

"ಬಾಯಿಂದ ಪೈಪ್ ಹಾಕಿ ಪಿತ್ತನಾಳದ ಕಲ್ಲು ತೆಗೀತಾರಂತೆ, ಆಪರೇಷನ್ ಏನಲ್ಲ." ಮಗುವಿಗೆ ಇ.ಆರ್.ಸಿ.ಪಿ. ಬೇಕೆಂದು ಡಾಕ್ಟರು ಹೇಳಿದ ದಿನ ನೆಂಟರಿಗೆ ಫೋನಿನಲ್ಲಿ ಹೋಗುವ ಸುದ್ದಿ ಹೆಚ್ಚುಕಮ್ಮಿ ಹೀಗಿರುತ್ತದೆ. ಬಾಯಿಂದ ಇಳಿಸಿದ ಪೈಪಿನ (ಸ್ಕೋಪ್) ಮೂಲಕ ನಾಳಕ್ಕೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟು, ಆ ಚಿತ್ರ ನೋಡುತ್ತ ನಾಳದ ತೊಂದರೆ ಸರಿಪಡಿಸುವ ವಿಧಾನ ಇ.ಆರ್.ಸಿ.ಪಿ. ಹೊಟ್ಟೆ ಕೊಯ್ಯುವುದಿಲ್ಲ ಎಂಬುದು ನಿಜ. ಆದರೆ ಬಾಯಿಂದ ಹಾಕುವ ಎಂಡೋಸ್ಕೋಪಿಗಳಲ್ಲಿ ಅಪಾಯ ಹೆಚ್ಚಿರುವವುಗಳ ಸಾಲಿಗೆ ಸೇರಿದ್ದು ಇದು. ಗ್ಯಾಸ್ಟ್ರಿಕ್ ಎಂದು ಹೋದಾಗ ಹತ್ತು ನಿಮಿಷದಲ್ಲಿ ಮುಗಿಸುವ ಎಂಡೋಸ್ಕೋಪಿಗೂ ಇದಕ್ಕೂ ತುಂಬ ಅಂತರವಿದೆ.

ಅಂತರ ಎಲ್ಲಿದೆ ಎಂದು ತಿಳಿಯಲು ಒಳಗಿನ ರಚನೆಯ ಒಂದು ಸಂಗತಿ ಗೊತ್ತಿದ್ದರೆ ಸಾಕು. ಪಿತ್ತಜನಕಾಂಗದಿಂದ ಇಳಿಯುವ ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯಿಂದ, ಅಂದರೆ ಡಾಕ್ಟರು ಪ್ಯಾಂಕ್ರಿಯಾಸ್ ಎನ್ನುವ ಗ್ರಂಥಿಯಿಂದ, ಬರುವ ನಾಳ ಎರಡೂ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಂದೇ ಸಣ್ಣ ಬಾಯಿಗೆ ಬಂದು ಸೇರುತ್ತವೆ. ಎರಡು ಕಾಲುವೆ ಒಂದೇ ತೂಬಿನಲ್ಲಿ ಕೂಡಿದ ಹಾಗೆ. ಒಂದು ಕಾಲುವೆಯ ಕಸ ತೆಗೆಯಲು ತೂಬಿಗೆ ಕೈಹಾಕಿದರೆ ಇನ್ನೊಂದೂ ಕದಡುತ್ತದೆ. ಪಿತ್ತನಾಳದ ಕಲ್ಲಿಗೆಂದು ಹೋದ ಮಗು ಹೊಟ್ಟೆನೋವಿನ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಉರಿಯೂತ, ತಂದುಕೊಳ್ಳುವುದು ಹೀಗೆ.

ಈ ಬರಹ ಓದಿ ಯಾರೂ ಚಿಕಿತ್ಸೆ ಬೇಡವೆನ್ನಬಾರದು; ಬೇಕಾದ ಕಡೆ ಇ.ಆರ್.ಸಿ.ಪಿ. ಮಗುವಿನ ಜೀವ ಉಳಿಸುತ್ತದೆ. ತೊಡಕು ಆಗುವುದೂ ಬಿಡುವುದೂ ಡಾಕ್ಟರ ಕೈಚಳಕದ ಮೇಲೆ ಮಾತ್ರ ನಿಂತಿದೆ ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಅಪಾಯದ ದೊಡ್ಡ ಪಾಲು ತೀರ್ಮಾನವಾಗುವುದು ಪೈಪ್ ಒಳಗೆ ಹೋಗುವ ಮೊದಲೇ. ಉಳಿದದ್ದರಲ್ಲಿ ಹೆಚ್ಚಿನದು ಮುಗಿದ ಮೇಲಿನ ಮೊದಲ 24 ಗಂಟೆಯಲ್ಲಿ ಗೊತ್ತಾಗುತ್ತದೆ. ಈ ಎರಡೂ ಹೊತ್ತಿನಲ್ಲಿ ಹೆತ್ತವರಿಗೆ ಮಾಡಲು ಕೆಲಸವಿದೆ.

ಮೊದಲ ಹೆಜ್ಜೆ: ನೋಡಲಿಕ್ಕೋ, ಚಿಕಿತ್ಸೆಗೋ ಎಂದು ಕೇಳಿ

ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಿ: "ಡಾಕ್ಟ್ರೇ, ಇದನ್ನು ಒಳಗೆ ಏನಿದೆ ಎಂದು ನೋಡಲಿಕ್ಕೆ ಮಾಡುತ್ತೀರೋ, ಏನಿದೆ ಎಂದು ಗೊತ್ತಾಗಿ ಸರಿಪಡಿಸಲಿಕ್ಕೋ?"

ಬರೀ ನೋಡುವುದಕ್ಕೆ ಇಂದು ಎಂ.ಆರ್.ಸಿ.ಪಿ. ಇದೆ. ಅದು ಎಂ.ಆರ್.ಐ. ಯಂತ್ರದಲ್ಲೇ ನಾಳಗಳ ಚಿತ್ರ ತೆಗೆಯುವ ವಿಧಾನ. ಎಕ್ಸ್-ರೇ ಇಲ್ಲ, ನಾಳವನ್ನು ಮುಟ್ಟುವುದಿಲ್ಲ. ತೀರ ಚಿಕ್ಕ ಮಕ್ಕಳು ಅಲುಗದೆ ಮಲಗಲೆಂದು ನಿದ್ದೆಯ ಔಷಧ ಕೊಡಬೇಕಾಗಬಹುದು, ಅಷ್ಟೆ. ಎಂ.ಆರ್.ಸಿ.ಪಿ.ಯಲ್ಲಿ ಸಂಶಯ ಉಳಿದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಪೈಪಿನ ತುದಿಯಿಂದ ಒಳಗೇ ಸ್ಕ್ಯಾನ್ ಮಾಡುವ, ಇನ್ನೊಂದು ದಾರಿಯೂ ಇದೆ. ಇವು ಯಾವುವೂ ಆಗದೆ ನೇರ ಇ.ಆರ್.ಸಿ.ಪಿ.ಗೆ ಬರೆದಿದ್ದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ತೀವ್ರ ಸೋಂಕಿದ್ದು ತುರ್ತಾಗಿ ನಾಳ ತೆರೆಯಬೇಕಾದಾಗ ಸ್ಕ್ಯಾನಿಗೆ ಕಾಯುವ ಹೊತ್ತಿರುವುದಿಲ್ಲ. ಅದು ಸರಿಯಾದ ಉತ್ತರವೇ.

ಬೇಡದ ಇ.ಆರ್.ಸಿ.ಪಿ. ಹೇಗಿರುತ್ತದೆ? ಕೆಲವು ಸಂದರ್ಭಗಳನ್ನು ನೋಡೋಣ.

ಟೈಫಾಯ್ಡ್‌ಗೋ ನ್ಯುಮೋನಿಯಾಕ್ಕೋ ಮಗುವಿಗೆ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್ ಕೊಟ್ಟಿರುತ್ತಾರೆ. ಆಮೇಲೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು ಎಂದು ಬರುತ್ತದೆ. ಈ ಔಷಧ ಪಿತ್ತದಲ್ಲಿ ಸುಣ್ಣದಂಶದೊಂದಿಗೆ ಸೇರಿ ಕಲ್ಲಿನಂತೆ ಕಾಣುವುದು ಮಕ್ಕಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಔಷಧ ನಿಂತ ಮೇಲೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳಲ್ಲಿ ಹೆಚ್ಚಿನವು ತಾವಾಗಿಯೇ ಕರಗಿ ಹೋಗುತ್ತವೆ. ಹಾಗಾಗಿ ಹಿಂದಿನ ಎರಡು ಮೂರು ತಿಂಗಳಲ್ಲಿ ಯಾವ ಇಂಜೆಕ್ಷನ್ ಆಗಿದೆ ಎಂಬ ಚೀಟಿ ತಪ್ಪದೆ ತೋರಿಸಿ.

ಇನ್ನೊಂದು ಗೊಂದಲ ಪಿತ್ತಕೋಶ ಮತ್ತು ಪಿತ್ತನಾಳದ್ದು. ಇ.ಆರ್.ಸಿ.ಪಿ.ಯಲ್ಲಿ ತೆಗೆಯುವುದು ನಾಳಕ್ಕೆ ಜಾರಿ ಬಂದ ಕಲ್ಲು. ಚೀಲದಲ್ಲೇ, ಅಂದರೆ ಪಿತ್ತಕೋಶದಲ್ಲೇ, ಕುಳಿತ ಕಲ್ಲಿಗೆ ಇದು ಚಿಕಿತ್ಸೆಯಲ್ಲ. ಅದರಿಂದ ತೊಂದರೆಯಾಗುತ್ತಿದ್ದರೆ ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುತ್ತಾರೆ. ಪಿತ್ತನಾಳ ಹುಟ್ಟಿನಿಂದಲೇ ಉಬ್ಬಿಕೊಂಡಿರುವ ಕೊಲೆಡೋಕಲ್ ಸಿಸ್ಟ್‌ಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಸೋಂಕೋ ತಡೆಯೋ ಇದ್ದರೆ ಮಾತ್ರ ಮಧ್ಯೆ ಇ.ಆರ್.ಸಿ.ಪಿ. ಬರಬಹುದು.

ಎಳೆಗೂಸಿನ ವಿಚಾರ ಬೇರೆಯೇ. ಹುಟ್ಟಿ ಎರಡು ವಾರ ದಾಟಿದ ಮೇಲೂ ಕಾಮಾಲೆ ಉಳಿದು, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಬಿಲಿಯರಿ ಅಟ್ರೀಸಿಯಾ ಎಂಬ ರೋಗವಿದೆಯೇ ಎಂದು ತಡಮಾಡದೆ ನೋಡಬೇಕು. ಅದಕ್ಕೆ ಮಾಡುವ ಕಸಾಯ್ ಶಸ್ತ್ರಕ್ರಿಯೆ 60 ದಿನದೊಳಗೆ ಆದರೆ ಫಲ ಹೆಚ್ಚು. ಅಲ್ಲಿ ಇ.ಆರ್.ಸಿ.ಪಿ.ಗೆ ಇರುವ ಪಾತ್ರ ಬಹಳ ಚಿಕ್ಕದು. ನಾಟಿ ಔಷಧ ಕುಡಿಸಿ, ತಾಯತ ಕಟ್ಟಿಸಿ ತಿಂಗಳು ಕಳೆಯುವುದಕ್ಕಂತೂ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ನಿಜವಾಗಿ ಬೇಕಾಗುವುದು ಯಾವಾಗ? ನಾಳದಲ್ಲಿ ಕಲ್ಲು ಸಿಕ್ಕಿ ಕಾಮಾಲೆ, ಚಳಿಜ್ವರ ಬಂದಾಗ. ದಕ್ಷಿಣ ಭಾರತದಲ್ಲಿ ಹೊಸದಲ್ಲದ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ನಾಳ ಕಲ್ಲುಗಟ್ಟಿ ಅಥವಾ ಕಿರಿದಾಗಿ ಮಗು ನೋವಿನಿಂದ ನರಳುವಾಗ. ಪಿತ್ತಕೋಶದ ಶಸ್ತ್ರಕ್ರಿಯೆಯ ನಂತರ ಪಿತ್ತ ಸೋರುತ್ತಿರುವಾಗ. ಸೈಕಲ್‌ನಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ತಗುಲಿ ಮೇದೋಜೀರಕದ ನಾಳ ಹರಿದಾಗ. ಕೊನೆಯದನ್ನು ಕೇಳಿದವರು ಅಚ್ಚರಿಪಡುತ್ತಾರೆ, ಆದರೆ ಮಕ್ಕಳಲ್ಲಿ ಆ ಗ್ರಂಥಿಗೆ ಪೆಟ್ಟಾಗುವ ಪರಿಚಿತ ದಾರಿಗಳಲ್ಲಿ ಅದೂ ಒಂದು.

ಎರಡನೇ ಹೆಜ್ಜೆ: ಯಾರು ಮಾಡುತ್ತಾರೆ, ಯಾವ ಪೈಪಿನಲ್ಲಿ

ಮಕ್ಕಳ ಡಾಕ್ಟರು ಮಕ್ಕಳನ್ನು ಬಲ್ಲರು, ಆದರೆ ಇ.ಆರ್.ಸಿ.ಪಿ. ದಿನಾ ಮಾಡುವವರು ಸಾಮಾನ್ಯವಾಗಿ ದೊಡ್ಡವರ ಗ್ಯಾಸ್ಟ್ರೋಎಂಟರಾಲಜಿಸ್ಟರು. ಮಕ್ಕಳಲ್ಲಿ ಇದು ಅಪರೂಪವಾದ್ದರಿಂದ ಕೈ ಪಳಗಲು ಬೇಕಾದಷ್ಟು ಕೇಸು ಮಕ್ಕಳ ವಿಭಾಗದಲ್ಲೇ ಸಿಗುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರೂ ಒಂದೇ ಸೂರಿನಡಿ ಇರುವ ಕಡೆ ಮಾಡಿಸಿ: ಇ.ಆರ್.ಸಿ.ಪಿ. ನಿತ್ಯ ಮಾಡುವ ಕೈ, ಮಕ್ಕಳಿಗೆ ಅರಿವಳಿಕೆ ಕೊಟ್ಟು ರೂಢಿಯಿರುವ ತಜ್ಞರು, ಜೊತೆಗೆ ಮಕ್ಕಳ ಐ.ಸಿ.ಯು. ಮತ್ತು ಮಕ್ಕಳ ಶಸ್ತ್ರಚಿಕಿತ್ಸಕರು. ತುರ್ತಿಲ್ಲದಿದ್ದರೆ ಇಂಥ ಕಡೆ ಹೋಗಲು ಒಂದು ವಾರ ಕಾದರೂ ತಪ್ಪಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ, ಈ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಮುಂದೆ ಸ್ಟೆಂಟ್ (ನಾಳ ತೆರೆದಿರಲೆಂದು ಒಳಗಿಡುವ ಕೊಳವೆ) ತೆಗೆಸಲು ಬರುವ ಖರ್ಚು ಅದರಲ್ಲಿ ಸೇರಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಬಳಿ ಮೊದಲೇ ವಿಚಾರಿಸಿಕೊಳ್ಳಿ.

ಪೈಪಿನ ಗಾತ್ರವೂ ಮುಖ್ಯ. ದೊಡ್ಡವರ ಡುಯೊಡಿನೋಸ್ಕೋಪ್, ಅಂದರೆ ಇ.ಆರ್.ಸಿ.ಪಿ.ಗೆ ಬಳಸುವ ಪೈಪ್, ಹೆಚ್ಚುಕಮ್ಮಿ 11ರಿಂದ 13 ಮಿಲಿಮೀಟರ್ ದಪ್ಪ. ಸಾಮಾನ್ಯವಾಗಿ 10 ಕಿಲೋಗಿಂತ ಹೆಚ್ಚು ತೂಕದ ಮಕ್ಕಳಿಗೆ ಇದನ್ನೇ ಬಳಸುತ್ತಾರೆ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಸುಮಾರು 7.5 ಮಿಲಿಮೀಟರಿನ ತೆಳು ಸ್ಕೋಪ್ ಬೇಕು. ಅದರೊಳಗಿನ ಸಲಕರಣೆಯ ದಾರಿ 2 ಮಿಲಿಮೀಟರ್ ಮಾತ್ರ, ಹಾಗಾಗಿ ದೊಡ್ಡ ಸ್ಟೆಂಟ್ ಅದರಲ್ಲಿ ಹೋಗುವುದಿಲ್ಲ. ಇಂಥ ಸ್ಕೋಪ್ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಎಳೆಗೂಸಿನಲ್ಲಿ ದಪ್ಪ ಸ್ಕೋಪ್ ಹಿಂದಿನಿಂದ ಶ್ವಾಸನಾಳವನ್ನೇ ಒತ್ತಿ ಆಮ್ಲಜನಕ ಇಳಿಸಬಹುದು. ಒಂದು ವರ್ಷದೊಳಗಿನ ಮಗುವಾದರೆ "ನಿಮ್ಮಲ್ಲಿ ಸಣ್ಣ ಸ್ಕೋಪ್ ಇದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ.

ಸ್ಕೋಪ್ ತೊಳೆಯುವ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡುಯೊಡಿನೋಸ್ಕೋಪಿನ ತುದಿಯಲ್ಲಿ ಸಲಕರಣೆಯನ್ನು ಮೇಲೆ ಕೆಳಗೆ ಎತ್ತುವ ಒಂದು ಪುಟ್ಟ ಸನ್ನೆ ಇರುತ್ತದೆ. ಅದರ ಸಂದಿ ಸ್ವಚ್ಛಗೊಳಿಸುವುದು ಕಷ್ಟ. ಇದರಿಂದಲೇ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ರೋಗಿಯಿಂದ ರೋಗಿಗೆ ಹರಡಿ, 2015ರಲ್ಲಿ ಔಷಧ, ವೈದ್ಯಕೀಯ ಸಲಕರಣೆಗಳ ಮೇಲೆ ನಿಗಾ ಇಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್.ಡಿ.ಎ. ಎಚ್ಚರಿಕೆ ಹೊರಡಿಸಿತು. 2019ರಲ್ಲಿ ಬಿಚ್ಚಿ ಎಸೆಯಬಹುದಾದ ತುದಿಯಿರುವ ಸ್ಕೋಪುಗಳತ್ತ ಹೋಗಿ ಎಂದು ಆಸ್ಪತ್ರೆಗಳಿಗೆ ಸೂಚಿಸಿತು. ಹೆತ್ತವರು ಇದನ್ನು ಪರೀಕ್ಷಿಸಲಾರರು. ಆದರೆ ಚಿಕಿತ್ಸೆಯ ನಂತರ ಜ್ವರ ಬಂದು ಸಾಮಾನ್ಯ ಆಂಟಿಬಯೋಟಿಕ್‌ಗೆ ಇಳಿಯದಿದ್ದರೆ ರಕ್ತದ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಏಕೆ ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಮೂರನೇ ಹೆಜ್ಜೆ: ಹಿಂದಿನ ದಿನಗಳ ತಯಾರಿ

ನಾಳ ಕಟ್ಟಿಕೊಂಡು ಕಾಮಾಲೆಯಾಗಿದ್ದರೆ ಪಿತ್ತ ಕರುಳಿಗೆ ಇಳಿಯುವುದಿಲ್ಲ. ಪಿತ್ತವಿಲ್ಲದೆ ವಿಟಮಿನ್ ಕೆ ಹೀರಿಕೊಳ್ಳುವುದಿಲ್ಲ. ವಿಟಮಿನ್ ಕೆ ಇಲ್ಲದೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನಾಳದ ಬಾಯನ್ನು ಕೊಯ್ದು ಅಗಲ ಮಾಡುವ ಸ್ಫಿಂಕ್ಟರಾಟಮಿ ಆಗುವುದು ಇಂಥ ಮಗುವಿನಲ್ಲೇ. ಆದ್ದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಪಿ.ಟಿ.–ಐ.ಎನ್.ಆರ್. ಮತ್ತು ಪ್ಲೇಟ್‌ಲೆಟ್ ರಿಪೋರ್ಟ್ ಬಂದಿದೆಯೇ, ಐ.ಎನ್.ಆರ್. ಏರಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯೇ ಎಂದು ಕೇಳಿಕೊಳ್ಳಿ. ರಕ್ತಸ್ರಾವದ ಅಪಾಯ ಇಳಿಸುವ ಅತಿ ಅಗ್ಗದ ಉಪಾಯ ಇದು.

ಡಾಕ್ಟರಿಗೆ ತಪ್ಪದೆ ಹೇಳಬೇಕಾದವು:

– ಕಾಮಾಲೆಗೆಂದು ಕುಡಿಸಿದ ನಾಟಿ ಔಷಧ, ಕಷಾಯ, ಪುಡಿ ಏನೇ ಇರಲಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಕೆಲವು ಲಿವರಿಗೆ ಪೆಟ್ಟು ಕೊಡುತ್ತವೆ, ರಿಪೋರ್ಟನ್ನೂ ಏರುಪೇರು ಮಾಡುತ್ತವೆ.
– ಅಲುಗುವ ಹಾಲುಹಲ್ಲು. ಆರೇಳು ವರ್ಷದ ಮಗುವಾದರೆ ಸ್ಕೋಪಿಗೆ ತಗುಲಿ ಹಲ್ಲು ಬಿದ್ದು ಶ್ವಾಸನಾಳಕ್ಕೆ ಹೋಗುವ ಭಯವಿದೆ. ಅರಿವಳಿಕೆ ತಜ್ಞರಿಗೆ ಬೆರಳಿಟ್ಟು ತೋರಿಸಿ.
– ನೆಗಡಿ, ಕೆಮ್ಮು, ಉಬ್ಬಸ. ತುರ್ತಿಲ್ಲದಿದ್ದರೆ ಮುಂದೂಡುತ್ತಾರೆ.
– ಅಲರ್ಜಿ, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ, ಕಿಡ್ನಿ ತೊಂದರೆ.
– ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಾದರೆ ಗರ್ಭಪರೀಕ್ಷೆ ಮಾಡಲು ಕೇಳಬಹುದು. ಎಕ್ಸ್-ರೇ ಬಳಸುವ ಎಲ್ಲ ಕಡೆ ಎಲ್ಲರಿಗೂ ಕೇಳುವ ಮಾತದು, ಅವಮಾನವೆಂದು ತಿಳಿಯಬೇಡಿ.

ಸಿಕಲ್ ಸೆಲ್ ಎಂಬ ಹುಟ್ಟಿನಿಂದ ಬರುವ ರಕ್ತದ ರೋಗವಿರುವ ಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಈ ರೋಗವಿದೆ. ಕೆಂಪು ರಕ್ತಕಣ ಬೇಗ ಒಡೆಯುವುದರಿಂದ ಈ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಪಿತ್ತದ ಕಲ್ಲು ಕಟ್ಟುತ್ತದೆ. ಇವರಿಗೆ ಉಪವಾಸ, ನೀರಿಲ್ಲದಿರುವುದು, ಚಳಿ ಮೂರೂ ವೈರಿಗಳು. ಒಂದೊಂದೂ ನೋವಿನ ಕ್ರೈಸಿಸ್ ಎಬ್ಬಿಸಬಲ್ಲದು. ಉಪವಾಸ ಶುರುವಾದಾಗಲೇ ಡ್ರಿಪ್ ಹಾಕಲು, ಪಟ್ಟಿಯಲ್ಲಿ ಮೊದಲ ಕೇಸಾಗಿ ತೆಗೆದುಕೊಳ್ಳಲು, ಕೋಣೆಯ ಎ.ಸಿ.ಯಲ್ಲಿ ಬೆಚ್ಚಗೆ ಹೊದಿಸಲು ಕೇಳಿ.

ಉಪವಾಸದ ಲೆಕ್ಕ ಹೀಗಿದೆ. ಊಟ, ಹಸುವಿನ ಹಾಲು, ಡಬ್ಬಿ ಹಾಲು: 6 ಗಂಟೆ ಮೊದಲು ನಿಲ್ಲಬೇಕು. ಎಣ್ಣೆ ಜಿಡ್ಡಿನ ಊಟವಾದರೆ 8. ತಾಯಿಯ ಹಾಲು 4 ಗಂಟೆ. ತಿಳಿನೀರು 2 ಗಂಟೆ ಮೊದಲಿನ ತನಕ ಕೊಡಬಹುದು. ನಿಮ್ಮ ಆಸ್ಪತ್ರೆ ಬೇರೆ ಹೇಳಿದರೆ ಅದೇ ಕೊನೆ. ಗಂಜಿ, ಮಜ್ಜಿಗೆ, ರಾಗಿ ಸರಿ ಇವು ತಿಳಿನೀರಲ್ಲ. ಇದನ್ನು ಅಜ್ಜಿಗೂ ಹೇಳಿಡಿ. "ಪಾಪ, ಬೆಳಗಿಂದ ಏನೂ ತಿಂದಿಲ್ಲ" ಎಂದು ಬಾಯಿಗಿಟ್ಟ ಒಂದು ಬಿಸ್ಕತ್ತು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶ ಸೇರಬಹುದು. ಕೊಟ್ಟಿದ್ದೇ ಆದರೆ ಸುಮ್ಮನಿರದೆ ಹೇಳಿಬಿಡಿ. ಒಂದು ದಿನ ಮುಂದೆ ಹೋಗುತ್ತದೆ, ಅಷ್ಟೆ.

ನಾಲ್ಕನೇ ಹೆಜ್ಜೆ: ಒಪ್ಪಿಗೆ ಪತ್ರವನ್ನು ಅಂಕಿಯೊಂದಿಗೆ ಓದಿ

ಮಕ್ಕಳ ಇ.ಆರ್.ಸಿ.ಪಿ. ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ, 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ತೊಡಕುಗಳ ಒಟ್ಟು ಪ್ರಮಾಣ ನೂರಕ್ಕೆ ಸುಮಾರು 6. ಅದರಲ್ಲಿ ಸಿಂಹಪಾಲು ಪ್ಯಾಂಕ್ರಿಯಾಟೈಟಿಸ್‌ನದು, ನೂರಕ್ಕೆ ಸುಮಾರು 5. ರಕ್ತಸ್ರಾವ, ಸೋಂಕು ತಲಾ ನೂರಕ್ಕೆ ಒಂದಕ್ಕಿಂತ ಕಡಿಮೆ. ಕರುಳಿಗೆ ತೂತಾಗುವುದೂ ಅಪರೂಪವೇ.

ಆದರೆ ಈ ಸರಾಸರಿ ನಿಮ್ಮ ಮಗುವಿನ ಅಂಕಿಯಲ್ಲ. ಪಿತ್ತನಾಳಕ್ಕೆ ತಂತಿ ಹೋಗಲು ಬಹಳ ಹೊತ್ತು ತಡಕಾಡಿದರೆ, ಮೇದೋಜೀರಕದ ನಾಳಕ್ಕೆ ಎಕ್ಸ್-ರೇಗೆಂದು ಬಿಡುವ ದ್ರವ ಮತ್ತೆ ಮತ್ತೆ ಹೋದರೆ, ಆ ನಾಳದ ಬಾಯನ್ನೇ ಕೊಯ್ದರೆ ಅಪಾಯ ಏರುತ್ತದೆ. ಬಹಳ ಕಾಲದಿಂದ ಪ್ಯಾಂಕ್ರಿಯಾಟೈಟಿಸ್ ಇದ್ದು ಗ್ರಂಥಿ ಗಟ್ಟಿಯಾದ ಮಕ್ಕಳಲ್ಲಿ ಈ ತೊಡಕು ಕಡಿಮೆ ಎಂಬುದು ವಿಚಿತ್ರವೆನಿಸಿದರೂ ನಿಜ. ಕೆರಳುವ ಆರೋಗ್ಯವಂತ ಅಂಗಾಂಶ ಅಲ್ಲಿ ಕಡಿಮೆ ಉಳಿದಿರುತ್ತದೆ.

ತಡೆಯಲು ಏನು ಮಾಡುತ್ತೀರಿ ಎಂದು ಕೇಳಿ. ಮೂರು ಉಪಾಯಗಳ ಹೆಸರು ಬರಬಹುದು. ಒಂದು, ಗುದದ್ವಾರದಲ್ಲಿಡುವ, ಉರಿಯೂತ ಇಳಿಸುವ ಇಂಡೊಮೆಥಾಸಿನ್ ಅಥವಾ ಡೈಕ್ಲೊಫಿನ್ಯಾಕ್ ಔಷಧ. ದೊಡ್ಡವರಲ್ಲಿ ಇದರ ಗುಣ ಸಾಬೀತಾಗಿದೆ. ಮಕ್ಕಳಲ್ಲಿ ಪುರಾವೆ ಅಷ್ಟು ಗಟ್ಟಿಯಿಲ್ಲದ ಕಾರಣ ವಯಸ್ಸು, ತೂಕ, ಕಿಡ್ನಿ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಎರಡು, ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಧಾರಾಳವಾಗಿ ಕೊಡುವುದು. ಮೂರು, ಅಪಾಯ ಹೆಚ್ಚಿರುವ ಮಗುವಿನ ಮೇದೋಜೀರಕದ ನಾಳಕ್ಕೆ ಒಂದು ತೆಳು ಪ್ಲಾಸ್ಟಿಕ್ ಸ್ಟೆಂಟ್ ಇಡುವುದು. ಕರುಳನ್ನು ಉಬ್ಬಿಸಲು ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಿದರೆ ನಂತರದ ಹೊಟ್ಟೆ ಉಬ್ಬರವೂ ಕಡಿಮೆ.

ಐದನೇ ಹೆಜ್ಜೆ: ಬಾಗಿಲ ಹೊರಗೆ ಕಾಯುವ ಹೊತ್ತು

ಮಕ್ಕಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಹಾಕಿಯೇ ಮಾಡುತ್ತಾರೆ. ಹೆಚ್ಚಾಗಿ ಬೋರಲು ಮಲಗಿಸುತ್ತಾರೆ. ಎಷ್ಟು ಹೊತ್ತು ಬೇಕು ಎಂಬುದು ನಾಳದ ಬಾಯಿ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದರ ಮೇಲಿದೆ. ತಡವಾದರೆ ಅನಾಹುತವಾಯಿತೆಂದು ಭಾವಿಸಬೇಡಿ. ಮುಗಿದ ಮೇಲೆ ಹೊರಗೆ ಬಂದ ಡಾಕ್ಟರನ್ನು ಕೇಳಿ ಬರೆದುಕೊಳ್ಳಬೇಕಾದ್ದು ಇಷ್ಟು: ಸ್ಫಿಂಕ್ಟರಾಟಮಿ ಆಯಿತೇ? ಮೇದೋಜೀರಕದ ನಾಳಕ್ಕೂ ತಂತಿ ಹೋಯಿತೇ? ಸ್ಟೆಂಟ್ ಇಟ್ಟರೇ, ಯಾವ ನಾಳದಲ್ಲಿ? ಕಲ್ಲು ಪೂರ್ತಿ ಬಂತೇ? ಈ ಉತ್ತರಗಳ ಆಧಾರದ ಮೇಲೆಯೇ ಮುಂದಿನ ಎರಡು ವಾರ ನೀವು ಯಾವುದಕ್ಕೆ ಕಾವಲಿರಬೇಕು ಎಂದು ತೀರ್ಮಾನವಾಗುತ್ತದೆ.

ಆರನೇ ಹೆಜ್ಜೆ: ಮೊದಲ 24 ಗಂಟೆ

ಎಚ್ಚರವಾದ ಮೇಲೆ ಗಂಟಲು ನೋವು, ಸ್ವಲ್ಪ ಹೊಟ್ಟೆ ಉಬ್ಬರ, ಒಂದೆರಡು ವಾಂತಿ ಸಾಮಾನ್ಯ. ಗಾಳಿಯ ನೋವು ಬಂದು ಹೋಗುತ್ತದೆ. ಹೂಸು ಬಿಟ್ಟರೆ, ಎತ್ತಿಕೊಂಡು ಓಡಾಡಿಸಿದರೆ ಹಗುರಾಗುತ್ತದೆ.

ಪ್ಯಾಂಕ್ರಿಯಾಟೈಟಿಸ್‌ನ ನೋವಿನ ರೀತಿಯೇ ಬೇರೆ. ಮುಗಿದ ಕೆಲವು ಗಂಟೆಯೊಳಗೆ ಶುರುವಾಗಿ ಇಳಿಯದೆ ಏರುತ್ತ ಹೋಗುತ್ತದೆ. ಹೊಕ್ಕುಳ ಮೇಲ್ಗಡೆ ಇದ್ದು ಬೆನ್ನಿಗೂ ಹೋಗಬಹುದು. ದೊಡ್ಡ ಮಗು ಮೊಣಕಾಲು ಮಡಚಿ ಮುಂದಕ್ಕೆ ಬಗ್ಗಿ ಕೂರುತ್ತದೆ, ಮಲಗಲು ಒಪ್ಪುವುದಿಲ್ಲ. ವಾಂತಿ ನಿಲ್ಲುವುದಿಲ್ಲ. ಮಾತು ಬಾರದ ಕೂಸಿನಲ್ಲಿ ಇದಾವುದೂ ಇಷ್ಟು ಸ್ಪಷ್ಟವಿಲ್ಲ. ಎತ್ತಿಕೊಂಡರೂ ಸಮಾಧಾನವಾಗದ ಅಳು, ಹಾಲು ಬೇಡವೆನ್ನುವುದು, ಬಿಗಿದ ಹೊಟ್ಟೆ, ಸುಮ್ಮನೆ ಮಂಕಾಗುವುದು, ಇವಿಷ್ಟೇ ಸುಳಿವು. "ಹಸಿವಿಗೆ ಅಳುತ್ತಿದೆ" ಎಂದು ವಾರ್ಡಿನಲ್ಲಿ ಯಾರೇ ಹೇಳಿದರೂ, ನಿಮ್ಮ ಮಗುವಿನ ಹಸಿವಿನ ಅಳು ಯಾವುದೆಂದು ನಿಮಗೆ ಗೊತ್ತು. ಇದು ಅದಲ್ಲವೆನಿಸಿದರೆ ಸಿಸ್ಟರನ್ನು ಕರೆದು ಹಾಗೆಯೇ ಹೇಳಿ, ಡ್ಯೂಟಿ ಡಾಕ್ಟರು ಬಂದು ನೋಡುವ ತನಕ ಬಿಡಬೇಡಿ.

ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಮೇದೋಜೀರಕದ ಜೀರ್ಣಕಿಣ್ವಗಳ ಮಟ್ಟ ನೋಡುತ್ತಾರೆ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ನೋವೇ ಇಲ್ಲದೆ ಅಮೈಲೇಸ್ ಮಾತ್ರ ಏರಿದ್ದರೆ ಅದು ಪ್ಯಾಂಕ್ರಿಯಾಟೈಟಿಸ್ ಅಲ್ಲ; ಇ.ಆರ್.ಸಿ.ಪಿ. ಆದ ಹಲವರಲ್ಲಿ ಅದು ಏರಿ ಇಳಿಯುತ್ತದೆ. ಹೊಸ ನೋವಿನ ಜೊತೆಗೆ ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದ ಏರಿಕೆ ಇದ್ದರೆ ಮಾತ್ರ ಆ ಹೆಸರು. ಎರಡನೆಯದಾಗಿ, ಎಳೆಗೂಸುಗಳ ದೇಹದಲ್ಲಿ ಅಮೈಲೇಸ್ ಉತ್ಪತ್ತಿಯೇ ಕಡಿಮೆ. ಅದು ಸಾಮಾನ್ಯವಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ.

ಪ್ಯಾಂಕ್ರಿಯಾಟೈಟಿಸ್ ಬಂದರೆ ಚಿಕಿತ್ಸೆ ಸರಳ: ಡ್ರಿಪ್, ನೋವಿಗೆ ಸರಿಯಾದ ಔಷಧ, ನಿಗಾ. ಹೆಚ್ಚಿನ ಮಕ್ಕಳಲ್ಲಿ ಸೌಮ್ಯವಾಗಿದ್ದು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹಿಂದೆ ದಿನಗಟ್ಟಲೆ ಬಾಯಿ ಕಟ್ಟಿಸುತ್ತಿದ್ದರು. ಈಗ ವಾಂತಿ ನಿಂತು ಮಗು ತಾಳಿಕೊಂಡರೆ ಒಂದೆರಡು ದಿನದಲ್ಲೇ ಆಹಾರ ಶುರುಮಾಡುವುದು ಒಳ್ಳೆಯದೆಂಬ ಅಭಿಪ್ರಾಯ ಬಲವಾಗಿದೆ. ಸೋಂಕಿಲ್ಲದಿದ್ದರೆ ಆಂಟಿಬಯೋಟಿಕ್ ಬೇಕಿಲ್ಲ. ನೋವಿಗೆ ಬೇಕಾದರೆ ಮಾರ್ಫಿನ್ ಜಾತಿಯ ಔಷಧ ಕೊಡುತ್ತಾರೆ. ಹೆಸರು ಕೇಳಿ ಗಾಬರಿಯಾಗುವುದು ಬೇಡ, ನರಳುವ ಮಗುವನ್ನು ನರಳಲು ಬಿಡುವುದರಲ್ಲಿ ಯಾವ ಲಾಭವೂ ಇಲ್ಲ.

ಇದೇ ಹೊತ್ತಿನಲ್ಲಿ ಕಾಣಿಸಿಕೊಳ್ಳಬಹುದಾದ, ಅಪರೂಪವಾದರೂ ಹೆಚ್ಚು ಭಯಪಡಬೇಕಾದ ತೊಡಕು ಕರುಳಿನ ಅಥವಾ ನಾಳದ ತೂತು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ನಾಡಿ ಓಡುವುದು, ಜ್ವರ. ಕೆಲವೊಮ್ಮೆ ಕುತ್ತಿಗೆ, ಎದೆಯ ಚರ್ಮ ಉಬ್ಬಿ ಮುಟ್ಟಿದರೆ ಚರಚರ ಎನ್ನುತ್ತದೆ. ಗಾಳಿ ಸೋರಿ ಚರ್ಮದಡಿಗೆ ಬಂದಿದೆ ಎಂದರ್ಥ. ಇದು ಕಂಡ ಕ್ಷಣ ಕೂಗಿ ಕರೆಯಿರಿ, ಬಾಯಿಗೆ ಹನಿ ನೀರೂ ಹಾಕಬೇಡಿ. ಸಿ.ಟಿ. ಸ್ಕ್ಯಾನ್ ಮಾಡಿ ತೂತು ಎಲ್ಲಿದೆ ಎಂದು ನೋಡುತ್ತಾರೆ. ನಾಳದ ಬಾಯ ಹತ್ತಿರದ ಸಣ್ಣ ತೂತುಗಳು ಮೂಗಿನ ಟ್ಯೂಬ್, ಆಂಟಿಬಯೋಟಿಕ್, ಉಪವಾಸದಲ್ಲೇ ಕೂಡಿಕೊಳ್ಳುವುದುಂಟು. ಸ್ಕೋಪ್ ತಗುಲಿ ಕರುಳಿನ ಗೋಡೆಯೇ ಹರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕು. ಎರಡರಲ್ಲೂ ಗಂಟೆಗಳ ಲೆಕ್ಕ ಮುಖ್ಯ. ಮಕ್ಕಳ ಶಸ್ತ್ರಚಿಕಿತ್ಸಕರು ಅಲ್ಲೇ ಇರಲಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಮೂಗಿನಿಂದ ಪಿತ್ತ ಹರಿಸುವ ಟ್ಯೂಬ್ ಹಾಕಿದ್ದರೆ ಅದಕ್ಕೆ ದೊಡ್ಡ ಶತ್ರು ಮಗುವಿನ ಕೈ. ಕೈಗವಸು ಹಾಕಿಸಿ, ಪಾಳಿ ಹಾಕಿಕೊಂಡು ಕಾಯಿರಿ.

ಸಂಜೆಯೇ ಮನೆಗೆ ಕಳಿಸುವ ಪದ್ಧತಿ ದೊಡ್ಡವರಲ್ಲಿ ಇರಬಹುದು. ಮಗುವಾದರೆ, ಅದರಲ್ಲೂ ನಿಮ್ಮೂರು ಆಸ್ಪತ್ರೆಯಿಂದ ಮೂರು ಗಂಟೆ ದಾರಿಯಾದರೆ, ಒಂದು ರಾತ್ರಿ ಅಲ್ಲೇ ಇರಿಸಿಕೊಳ್ಳಲು ಕೇಳುವುದು ಜಾಣತನ.

ಏಳನೇ ಹೆಜ್ಜೆ: ಮನೆಯಲ್ಲಿ ಎರಡು ವಾರ

ಸ್ಫಿಂಕ್ಟರಾಟಮಿ ಆಗಿದ್ದರೆ ರಕ್ತಸ್ರಾವ ಅಲ್ಲೇ, ಕೂಡಲೇ ಕಾಣಿಸಬೇಕೆಂದಿಲ್ಲ. ಒಂದೆರಡು ವಾರದವರೆಗೂ ಆಗಬಹುದು. ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿರುವ ಮಲ, ರಕ್ತ ಅಥವಾ ಕಾಫಿ ಗಸಿಯಂಥ ವಾಂತಿ, ಬಿಳಿಚಿದ ಮುಖ, ನಿಂತರೆ ತಲೆಸುತ್ತು ಇದರ ಗುರುತು. ಕಬ್ಬಿಣಾಂಶದ ಟಾನಿಕ್ ಕೂಡ ಮಲವನ್ನು ಕಪ್ಪಾಗಿಸುತ್ತದೆ, ಬೀಟ್‌ರೂಟ್ ಕೆಂಪಾಗಿಸುತ್ತದೆ. ಗೊಂದಲ ಬೇಡವೆಂದರೆ ಈ ಎರಡು ವಾರ ಟಾನಿಕ್ ನಿಲ್ಲಿಸಬಹುದೇ ಎಂದು ಡಾಕ್ಟರನ್ನೇ ಕೇಳಿ. ನೋವಿಗೆ ಐಬುಪ್ರೊಫೆನ್ ಬೆರೆತ ಸಿರಪ್ ಅಂಗಡಿಯಿಂದ ತಂದು ಹಾಕಬೇಡಿ. ಹೊಸದಾಗಿ ಬಂದ ಹೊಟ್ಟೆನೋವನ್ನು ಯಾವುದೇ ಔಷಧದಿಂದ ಮುಚ್ಚಿ ರಾತ್ರಿ ಕಳೆಯುವುದೂ ಬೇಡ.

ಇನ್ನೊಂದು ಕಾವಲು ಸೋಂಕಿಗೆ. ನಡುಗಿಸುವ ಚಳಿಯೊಂದಿಗೆ ಜ್ವರ, ಬಲಪಕ್ಕೆ ಕೆಳಗೆ ನೋವು, ಇಳಿದಿದ್ದ ಕಾಮಾಲೆ ಮತ್ತೆ ಏರುವುದು. ಪಿತ್ತ ಪೂರ್ತಿ ಹರಿಯುತ್ತಿಲ್ಲ, ಒಳಗೆ ಕೊಳೆಯುತ್ತಿದೆ ಎಂದು ಇದರ ಅರ್ಥ. ಇದು ಬೆಳಗಾಗುವ ತನಕ ಕಾಯುವ ಜ್ವರವಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ ಡ್ರಿಪ್, ಆಂಟಿಬಯೋಟಿಕ್ ಶುರುಮಾಡಿಸಿಕೊಂಡು ಅಲ್ಲಿಂದ 108ರಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಬಹುದು. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. "ಯಾವುದೋ ಎಂಡೋಸ್ಕೋಪಿ ಆಗಿದೆ" ಎಂದರೆ ರಾತ್ರಿ ಡ್ಯೂಟಿಯ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಗಂಜಿ, ಮೆತ್ತನ್ನ, ಇಡ್ಲಿಯಿಂದ ಶುರುಮಾಡಿ ತಾಳಿಕೊಂಡಂತೆ ಮಾಮೂಲಿಗೆ ಬನ್ನಿ.

ಎಂಟನೇ ಹೆಜ್ಜೆ: ಸ್ಟೆಂಟ್ ಮರೆಯಬೇಡಿ

ಮಗುವಿಗೆ ನೋವು ಹೋಗಿ, ಕಣ್ಣು ಬೆಳ್ಳಗಾಗಿ, ಶಾಲೆಗೆ ಹೋಗತೊಡಗಿದ ಮೇಲೆ ಒಳಗೊಂದು ಪ್ಲಾಸ್ಟಿಕ್ ಕೊಳವೆ ಇದೆ ಎಂಬುದೇ ಮರೆತುಹೋಗುತ್ತದೆ. ತಪ್ಪಿಸಲು ಅತಿ ಸುಲಭವಾದ ತೊಡಕು ಇದೇ, ಆದರೂ ಆಗುತ್ತಲೇ ಇರುತ್ತದೆ.

ಪಿತ್ತನಾಳದಲ್ಲಿಟ್ಟ ಪ್ಲಾಸ್ಟಿಕ್ ಸ್ಟೆಂಟ್ ಕಾಲ ಕಳೆದಂತೆ ಒಳಗೆ ಪಾಚಿ ಕಟ್ಟಿ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಸುಮಾರು 3 ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಾಯಿಸಬೇಕು. ಬಿಟ್ಟರೆ ಮತ್ತೆ ಚಳಿಜ್ವರ, ಕಾಮಾಲೆ, ಸ್ಟೆಂಟ್ ಸುತ್ತ ಹೊಸ ಕಲ್ಲು. ಜಾರಿಹೋಗಿ ಕರುಳಿಗೆ ಚುಚ್ಚುವುದೂ ಉಂಟು. ಪ್ಯಾಂಕ್ರಿಯಾಟೈಟಿಸ್ ತಡೆಗೆಂದು ಮೇದೋಜೀರಕದ ನಾಳದಲ್ಲಿಟ್ಟ ತೆಳು ಸ್ಟೆಂಟ್ ಬೇರೆ ಥರದ್ದು. ಅದು ತಾನಾಗಿ ಉದುರಿ ಮಲದಲ್ಲಿ ಹೋಗಲಿ ಎಂದೇ ಇಡುವುದು. ಉದುರಿತೇ ಎಂದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೊಟ್ಟೆಯ ಎಕ್ಸ್-ರೇ ತೆಗೆದು ಖಚಿತಪಡಿಸಿಕೊಳ್ಳುತ್ತಾರೆ. ಉಳಿದಿದ್ದರೆ ಸಾದಾ ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಉದುರಿರಬಹುದು ಎಂಬ ಊಹೆಯ ಮೇಲೆ ಬಿಟ್ಟರೆ ಆ ಕೋಮಲ ನಾಳಕ್ಕೇ ಗಾಯವಾಗಿ ಕಿರಿದಾಗಬಹುದು.

ಹಾಗಾಗಿ ಡಿಸ್ಚಾರ್ಜ್ ಆಗುವಾಗ ಸಮ್ಮರಿಯಲ್ಲಿ "ಸ್ಟೆಂಟ್ ತೆಗೆಯುವ ದಿನ" ಎಂದು ತಾರೀಕು ಬರೆಸಿಕೊಳ್ಳಿ. "ಫಾಲೋ-ಅಪ್‌ಗೆ ಬನ್ನಿ" ಎಂಬ ಬರಹ ಸಾಲದು. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಫೋನಿನಲ್ಲಿ ಒಂದು ವಾರ ಮೊದಲೇ ಅಲಾರಾಂ ಇಡಿ. ದುಡಿಯಲು ಊರು ಬಿಟ್ಟು ಹೋಗುವ ಕುಟುಂಬವಾದರೆ ಆ ಚೀಟಿ ಸಾಮಾನಿನೊಂದಿಗೆ ಹೋಗಲಿ. ಯಾವ ಊರಿನ ದೊಡ್ಡ ಆಸ್ಪತ್ರೆಯಲ್ಲಾದರೂ ತೆಗೆಸಬಹುದು.

ಒಂಬತ್ತನೇ ಹೆಜ್ಜೆ: ಮತ್ತೆ ಬರಬೇಕಾದವರು

ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವ ಮಕ್ಕಳಿಗೆ ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ದೊಡ್ಡ ಕಲ್ಲುಗಳನ್ನು ಮೊದಲು ಹೊರಗಿನಿಂದ ಶಾಕ್‌ವೇವ್‌ನಲ್ಲಿ ಪುಡಿಮಾಡಿ ಆಮೇಲೆ ಇ.ಆರ್.ಸಿ.ಪಿ.ಯಲ್ಲಿ ತೆಗೆಯುತ್ತಾರೆ, ಸ್ಟೆಂಟ್ ಹಲವು ಬಾರಿ ಬದಲಾಗುತ್ತದೆ. ಪ್ರತಿ ಸಲವೂ ಅರಿವಳಿಕೆ, ಪ್ರತಿ ಸಲವೂ ಎಕ್ಸ್-ರೇ. ಬೆಳೆಯುವ ದೇಹಕ್ಕೆ ವಿಕಿರಣ ಆದಷ್ಟು ಕಡಿಮೆಯಿರಬೇಕು, ಆದ್ದರಿಂದ ಇನ್ನೆಷ್ಟು ಸಲ, ಯಾವ ಗುರಿ ಮುಟ್ಟಿದರೆ ನಿಲ್ಲಿಸುತ್ತೇವೆ, ಮುಟ್ಟದಿದ್ದರೆ ಶಸ್ತ್ರಕ್ರಿಯೆಯ ಮಾತು ಯಾವಾಗ ಎಂಬುದನ್ನು ಮೊದಲ ವರ್ಷದಲ್ಲೇ ಕೇಳಿ ತಿಳಿದುಕೊಳ್ಳಿ. ಹಿಂದಿನ ಸಲ ತೊಡಕಾಗಿದ್ದರೆ ಅದನ್ನು ಪ್ರತಿ ಸಲವೂ, ಅದೇ ಡಾಕ್ಟರಾದರೂ, ನೆನಪಿಸಿ. ಒಮ್ಮೆ ಪ್ಯಾಂಕ್ರಿಯಾಟೈಟಿಸ್ ಬಂದ ಮಗುವಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು.

ನಾಳದ ಬಾಯಿ ಅಗಲವಾದ ಮಕ್ಕಳಿಗೆ ಜಂತುಹುಳದ ಮಾತ್ರೆಯೂ ತಪ್ಪಬಾರದು. ಅಗಲವಾದ ಬಾಯಿಯಿಂದ ದುಂಡುಹುಳ ಪಿತ್ತನಾಳಕ್ಕೆ ನುಸುಳುವುದು ಸುಲಭ. ಸರ್ಕಾರವೇ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತದೆ. ಆದರೆ ಚಿಕಿತ್ಸೆಯ ನಡುವೆ ಇರುವ ಮಗುವಿಗೆ ಆ ದಿನ ಕೊಡಬಹುದೇ ಎಂದು ಡಾಕ್ಟರನ್ನು ಒಂದು ಮಾತು ಕೇಳಿಯೇ ಟೀಚರಿಗೆ ಹೇಳಿ.

ಎಂ.ಆರ್.ಸಿ.ಪಿ.ಯ ಸಿ.ಡಿ., ಪ್ರತಿ ಇ.ಆರ್.ಸಿ.ಪಿ.ಯ ರಿಪೋರ್ಟು, ಸ್ಟೆಂಟ್ ಇಟ್ಟ ಮತ್ತು ತೆಗೆದ ತಾರೀಕುಗಳು, ಆಗಿದ್ದ ತೊಡಕು, ಹೊಂದದ ಔಷಧ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಮಗು 18 ದಾಟಿ ದೊಡ್ಡವರ ವಿಭಾಗಕ್ಕೆ ಹೋದಾಗ ಹೊಸ ಡಾಕ್ಟರು ಮೊದಲು ಕೇಳುವುದು ಆ ಫೈಲನ್ನೇ.